ಜೋಲಿಯ ಕೆಳಗಿನ ರಜಾಯಿ

ಗುಡ್ಡದ ಮೇಲೆ ಮರದಿಂದ ಮರಕ್ಕೆ ಜೋಲಿ ಕಟ್ಟಿ ಮಲಗಬೇಕು, ಬೆಳಗಾಗುತ್ತಲೇ ಹೆಂಡತಿಯ ಜೊತೆ ಸೂರ್ಯ ಹುಟ್ಟುವುದನ್ನು ನೋಡಬೇಕು: ಹಾಸಿಗೆ ಹೊಲಿಯುವವನಿಗೆ ಇದ್ದದ್ದು ಇದೊಂದೇ ಆಸೆ. ಆಸೆ ಅವಳಿಗೂ ಇತ್ತು. ಆದರೆ ಜೋಲಿಯಡಿಯಿಂದ ಬೀಸುವ ಚಳಿಗೆ ಬೆನ್ನು ಕೇಳಬೇಕಲ್ಲ! ಹೋದಾಗಲೆಲ್ಲ ಹಲ್ಲು ಕಟಕಟಿಸುತ್ತ ಜೋಲಿಯಿಂದಿಳಿದು ಕಾರಿನೊಳಗೆ ಮುದುಡಿಕೊಳ್ಳುತ್ತಿದ್ದಳು. ಎಚ್ಚರವಾಗುವಷ್ಟರಲ್ಲಿ ಸೂರ್ಯ ನೆತ್ತಿಗೇರಿರುತ್ತಿದ್ದ.

"ಇನ್ನೊಂದೇ ಸಲ ಬರ್ತೀನಿ. ಆಗಲೂ ಚಳಿಯಾದ್ರೆ ನೀವುಂಟು, ನಿಮ್ಮ ಜೋಲಿಯುಂಟು" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು.

ಅವಳ ತಂಗಿಯದು ಕಾಡು ಬೆಟ್ಟ ಸುತ್ತುವವರಿಗೆ ಬೇಕಾದ ಸಾಮಾನಿನ ಅಂಗಡಿ. ಇಬ್ಬರೂ ಅಲ್ಲಿಗೆ ಹೋದಾಗ ತಂಗಿ ಎರಡು ರಜಾಯಿ ತೆಗೆದಿಟ್ಟಳು. ಒಂದು ಉಬ್ಬಿಕೊಂಡು ದಪ್ಪಗಿತ್ತು. ಇನ್ನೊಂದು ತೆಳ್ಳಗೆ, ಅಂಚಿನಲ್ಲಿ ಎಳೆದು ಕಟ್ಟಲು ದಾರ. ಹಾಸಿಗೆಯವನು ಎರಡನ್ನೂ ಹಿಚುಕಿ, ತಟ್ಟಿ, ತೆಳ್ಳನೆಯದಕ್ಕೆ ಮೂಗು ಮುರಿದ.

"ಅದನ್ನ ಜೋಲಿಯ ಹೊರಗೆ, ಕೆಳಗಡೆ ಕಟ್ಟೋದು ಭಾವ."

"ಮಂಚದ ಕೆಳಗೆ ಹಾಸಿಗೆ ಹಾಸೋದನ್ನ ಎಲ್ಲಾದ್ರೂ ಕಂಡಿದ್ದೀಯಾ? ಹುಟ್ಟಿದಾಗಿನಿಂದ ಹಾಸಿಗೆ ಹೊಲೀತಿದ್ದೀನಿ, ನನಗೇ ಪಾಠ!"

ಹೆಂಡತಿಗೆ ಇಬ್ಬರ ವಾದ ಸಾಕಾಯಿತು. ಅವಳು ಹಣ್ಣಿನ ತಂಪುಗೋದಾಮಿನ ಮೇಲ್ವಿಚಾರಕಿ. "ಬಾಯಿ ಮಾತು ಬೇಡ, ಎರಡನ್ನೂ ತಗೊಂಡು ಗೋದಾಮಿಗೆ ನಡೀರಿ" ಎಂದಳು.

ಸೇಬಿನ ಪೆಟ್ಟಿಗೆಗಳ ನಡುವೆ, ಕಬ್ಬಿಣದ ಕಂಬಗಳಿಗೆ ಜೋಲಿ ಬಿಗಿದರು. ಹಾಸಿಗೆಯವನು ದಪ್ಪ ರಜಾಯಿಯನ್ನು ಜೋಲಿಯೊಳಗೆ ನೀಟಾಗಿ ಹಾಸಿ, ಹೆಂಡತಿಯನ್ನು ಮಲಗಿಸಿ, ಮೀಸೆಯ ಮೇಲೆ ಕೈಯಾಡಿಸಿದ.

"ರೀ, ಬೆನ್ನಿಗೆ ಐಸ್ ಇಟ್ಟ ಹಾಗಿದೆ!"

ನಂಬದೆ ಕೈ ತೂರಿಸಿ ನೋಡಿದ. ಅಷ್ಟು ದಪ್ಪ ರಜಾಯಿ ಮೈಭಾರಕ್ಕೆ ಅಪ್ಪಚ್ಚಿಯಾಗಿತ್ತು.

"ಬೆಚ್ಚಗಿಡೋದು ಅದರೊಳಗಿರೋ ಗಾಳಿ ಭಾವ. ಅಕ್ಕ ಮೇಲೆ ಮಲಗಿದ್ರೆ ಗಾಳಿ ಎಲ್ಲುಳಿಯುತ್ತೆ?"

"ಏನೇ, ನಾನು ದಪ್ಪ ಅಂತೀಯಾ?" ಜೋಲಿಯಿಂದ ಗುಡುಗು ಬಂತು.

ಹಾಸಿಗೆಯವನ ಮುಖ ಚಿಕ್ಕದಾಯಿತು. ಸೋಲಿಗಿಂತ ಹೆಚ್ಚಾಗಿ, ಸೂರ್ಯೋದಯ ಕೈತಪ್ಪುತ್ತದಲ್ಲ ಎಂದು ಅವನಿಗೆ ಅಳುಕು. ತೆಳ್ಳನೆಯದನ್ನು ಜೋಲಿಯ ಕೆಳಗೆ ಕಟ್ಟತೊಡಗಿದ. ಕೈ ಕೇಳಬೇಕಲ್ಲ, ಅಭ್ಯಾಸದಂತೆ ದಾರವನ್ನು ಜಗ್ಗಿ ಬಿಗಿದ. ನಾದಿನಿ ಅವನ ಕೈಗೆ ಪಟ್ಟೆಂದು ಹೊಡೆದು, "ಜೋಲಿಗೆ ತಾಗಿದ್ರೆ ಸಾಕು, ಅಮುಕಿದ್ರೆ ಇದರ ಗಾಳಿಯೂ ಹೋಗುತ್ತೆ" ಎಂದಳು. ಅವನು ಉಸಿರು ಬಿಗಿಹಿಡಿದು ಒಂದೊಂದೇ ಗಂಟು ಸಡಿಲಿಸಿದ. ಹೀಗೆ ಸಡಿಲ ಕೆಲಸ ಮಾಡಿದ್ದು ಜೀವನದಲ್ಲಿ ಇದೇ ಮೊದಲು. ದಪ್ಪ ರಜಾಯಿಯನ್ನು ಹೆಂಡತಿಯ ಬೆನ್ನಡಿಯಿಂದ ಎಳೆದು ಅವಳಿಗೇ ಹೊದಿಸಿ ಕಾಯುತ್ತ ನಿಂತ.

ಜೋಲಿಯಿಂದ ಮಾತೇ ಇಲ್ಲ. ಅವನ ಕಾಲು ಮರಗಟ್ಟಿತು, ಮೂಗು ಸೋರಿತು. ಈಗ ಹಲ್ಲು ಕಟಕಟಿಸುವ ಸರದಿ ಅವನದು.

"ಹೇಗಿದೆಯೇ? ಏನಾದ್ರೂ ಹೇಳೇ!"

ರಜಾಯಿಯ ಅಂಚಿನಿಂದ ನಿದ್ದೆಗಣ್ಣೊಂದು ಇಣುಕಿತು.

"ಸುಮ್ನೆ ಹೋಗ್ರೀ, ಸೂರ್ಯ ಹುಟ್ಟೋವಾಗ ಎಬ್ಬಿಸಿ."