ಇಸ್ತ್ರಿಯ ಕೈ

ತೀರಿಕೊಂಡ ತಾಯಿಯ ಕೈಗಳನ್ನು ಮಗಳು ಹೊದಿಕೆಯೊಳಗೆ ತೂರಿಸುತ್ತಿದ್ದಳು. ಎಡಗೈ ಒಳಗೆ ಹೋಯಿತು. ಬಲಗೈ ಸೆಟೆದುಕೊಂಡಿತ್ತು, ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಚಿತ್ರಕಾರ ಬಾಗಿಲಲ್ಲೇ ನಿಂತ. ತಲೆದೆಸೆಯಲ್ಲಿ ಅವನೇ ಬರೆದ ಆ ತಾಯಿಯ ಚಿತ್ರವಿತ್ತು. ಅವಳು ದುಡಿಯುತ್ತಿದ್ದ ಆಸ್ಪತ್ರೆಯ ಲಾಂಡ್ರಿಯವರು ಬೆಳಿಗ್ಗೆ ಅದನ್ನು ಅಲ್ಲಿನ ಗೋಡೆಯಿಂದ ಇಳಿಸಿ ತಂದಿದ್ದರು.

"ಬನ್ನಿ ಸರ್. ಅಮ್ಮನ್ನ ನಾಲ್ಕು ಜನ ಗುರುತಿಸೋ ಹಾಗೆ ಮಾಡಿದ್ದು ನೀವೇ," ಎಂದಳು ಮಗಳು.

ಅವನೂ ಹಾಗೇ ಅಂದುಕೊಂಡಿದ್ದ. ದೊಡ್ಡ ಡಾಕ್ಟರುಗಳ ಪಟಗಳ ಪಕ್ಕದಲ್ಲೇ ಕಸ ಗುಡಿಸುವವರನ್ನು, ಸ್ಟ್ರೆಚರ್ ತಳ್ಳುವವರನ್ನು, ಲಾಂಡ್ರಿಯ ಈ ಅಕ್ಕನನ್ನು ಚಿತ್ರದಲ್ಲಿ ತಂದು ನಿಲ್ಲಿಸಿದವನಲ್ಲವೇ? ಬಂದ ಹೊಗಳಿಕೆಯನ್ನೆಲ್ಲ ಹೊಟ್ಟೆ ತುಂಬ ಉಂಡಿದ್ದ.

* * *

ಅವನು ಚಿತ್ರ ಬರೆಯಲು ಹೋದ ದಿನ ಲಾಂಡ್ರಿಯ ಹಬೆಯಲ್ಲಿ ಅವಳು ಕೂರಲು ಒಪ್ಪಲೇ ಇಲ್ಲ. ಇಸ್ತ್ರಿ ಯಂತ್ರದಿಂದ ಬರುವ ಬಿಸಿ ಬಿಸಿ ಬೆಡ್‌ಶೀಟನ್ನು ಬರಿಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಅಂಚು ತೀಡಿ ಮಡಚುತ್ತಿದ್ದಳು. ಬೆರಳಿನಿಂದ ಮೊಣಕೈವರೆಗೆ ಸುಟ್ಟ ಕಲೆಗಳು.

"ಇದು ಕೆಲಸಕ್ಕೆ ಸೇರಿದ ವಾರದ್ದು ಸರ್. ಇದು ಮಗಳು ಹೊಟ್ಟೇಲಿದ್ದಾಗಿಂದು. ಒಂದನ್ನೂ ಬಿಡದೆ ಬರೀರಿ ಮತ್ತೆ," ಎಂದು ನಕ್ಕಿದ್ದಳು.

ಅವನು ಒಂದನ್ನೂ ಬರೆಯಲಿಲ್ಲ. ಗೌರವಕ್ಕೆಂದು ಬರೆಯುವ ಚಿತ್ರ, ನೋಡಲು ಲಕ್ಷಣವಾಗಿರಲಿ ಎಂದು ಕೈಗಳನ್ನು ನುಣ್ಣಗೆ, ಬೆಳ್ಳಗೆ ಮಾಡಿದ. ಪರದೆ ಸರಿಸಿದ ದಿನ ಅವಳು ಬಹಳ ಹೊತ್ತು ನೋಡಿ, "ಕೈ ಯಾರದ್ದು ಸರ್?" ಎಂದಳು. ಎಲ್ಲರೂ ನಕ್ಕರು. ಅವನೂ ನಕ್ಕ.

* * *

"ಕೈ ಯಾಕೇ ಮುಚ್ತಿದ್ದೀಯ?" ಆಗಷ್ಟೇ ಒಳಬಂದ ಲಾಂಡ್ರಿಯ ಮುದುಕಿ ಕೇಳಿದಳು.

"ಅಮ್ಮಾನೇ ಹೇಳಿದ್ಲು ದೊಡ್ಡಮ್ಮ. ಸತ್ತಾಗ ಆ ಚಿತ್ರ ಪಕ್ಕದಲ್ಲಿಟ್ರೆ ನನ್ನ ಕೈ ಮುಚ್ಚಿಬಿಡು, ನೋಡಿದೋರು ಅಸಹ್ಯ ಪಟ್ಕೊಳ್ಳೋದು ಬೇಡ ಅಂತ."

"ಮೊದಲೆಲ್ಲ ಹೊಸಬರು ಬಂದ್ರೆ ತೋಳು ಮಡಚಿ ಸುಟ್ಟ ಕಲೆ ತೋರಿಸಿ ಜಂಬ ಕೊಚ್ಚೋಳು. ಆ ಪುಣ್ಯಾತ್ಮ ಚಿತ್ರ ಬರೆದ ನೋಡು, ಅವತ್ತಿಂದ ಕೆಲಸ ಇಲ್ದಾಗ ಕೈ ಏಪ್ರನ್ ಜೇಬು ಬಿಟ್ಟು ಈಚೆ ಬರಲಿಲ್ಲ."

"ಸುಮ್ನಿರು ದೊಡ್ಡಮ್ಮ." ಮಗಳು ಚಿತ್ರಕಾರನ ಕಡೆ ನೋಡಲಿಲ್ಲ.

ನಾಚಿಕೆಯಿಂದ ಅವನ ಕಿವಿಯೆಲ್ಲ ಬಿಸಿಯಾಯಿತು. ಸದ್ದಿಲ್ಲದೆ ಹೊರಗೆ ಹೋಗಿಬಿಡಬಹುದಿತ್ತು. ಹೊರಗೆ ಶವದ ಗಾಡಿಯೂ ಬಂದು ನಿಂತಿತ್ತು, ಯಾರೂ ಅವನನ್ನು ಗಮನಿಸುತ್ತಿರಲಿಲ್ಲ.

"ಆ ಪುಣ್ಯಾತ್ಮ ನಾನೇ ಅಜ್ಜಿ," ಎಂದ. "ಅವರ ಕೈ ಮುಚ್ಚಬೇಡಿ. ಈ ಚಿತ್ರ ತೆಗೆದುಬಿಡ್ತೀನಿ."

ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇರಲಿ ಬಿಡಿ. ಮುಖ ಅವಳದ್ದೇ," ಎಂದಳು. ತಾನು ತಂದಿದ್ದ ಬೆಡ್‌ಶೀಟೊಂದನ್ನು ಬಿಡಿಸಿ, ಚಿತ್ರದ ಕೈಗಳಷ್ಟನ್ನೇ ಮುಚ್ಚಿದಳು.

ಮಗಳು ತಾಯಿಯ ಎಡಗೈಯನ್ನು ಮೆಲ್ಲಗೆ ಈಚೆ ತೆಗೆದಳು. ಬಗ್ಗದೆ ಹೊರಗೇ ಉಳಿದಿದ್ದ ಬಲಗೈಯ ಹೆಬ್ಬೆರಳು ಹೊದಿಕೆಯ ಅಂಚಿನ ಮೇಲಿತ್ತು, ತೀಡಲು ಇಟ್ಟ ಹಾಗೆ.