ದೂರದಿಂದ ಓದುವ ಅಕ್ಷರ

"ಇನ್ನೂ ದಪ್ಪ ಬರಲಿ, ಮಾವ," ಎಂದಳು ಮಗಳು, ಹಲಗೆ ಅಲುಗದಂತೆ ಒತ್ತಿ ಹಿಡಿದು.

ಅಂಗಳದಲ್ಲಿ ಎರಡು ಕುರ್ಚಿಗಳ ಮೇಲೆ ಅಡ್ಡ ಮಲಗಿಸಿದ ಹಲಗೆಯಲ್ಲಿ, ತೀರಿಕೊಂಡ ಅಪ್ಪನ ಹೆಸರನ್ನು ಅವನ ಹಳೆಯ ಜೊತೆಗಾರ ಪೇಂಟರು ಬರೆಯುತ್ತಿದ್ದರು. ಸಮಾಧಿಯ ತಲೆಯ ಬಳಿ ಅದು ನಿಲ್ಲಬೇಕು, ಅಪ್ಪನ ಅಕ್ಷರಗಳಲ್ಲೇ ನಿಲ್ಲಬೇಕು. ಅವಳಿಗೆ ಉಳಿದಿದ್ದ ಹಟ ಅದೊಂದೇ.

ಒಳಗಿನಿಂದ ಬಂದ ಅತ್ತೆ ಮುಖ ಸಿಂಡರಿಸಿದಳು. "ಇದೇನೇ? ಸತ್ತವನ ಹೆಸರೋ, ಸಿಮೆಂಟ್ ಕಾರ್ಖಾನೆ ಬೋರ್ಡೋ? ಒಂದಿಷ್ಟು ಬಳ್ಳಿಗಿಳ್ಳಿ ಬಿಡಿಸಿ ಚೆಂದಾಗಿ ಬರೆಸಬಾರದಾ?"

"ಅಪ್ಪ ಮಾಡಿದ ಅಕ್ಷರ, ಅತ್ತೆ."

"ಗೊತ್ತು ಕಣೇ. ನಮ್ಮಣ್ಣನೂ ಹಾಗೇ ಇದ್ದ. ಹತ್ರ ಹೋದ್ರೆ ಬರೀ ಗೋಡೆ."

"ಗೋಡೇನೇ ತಾಯಿ ನಮ್ಮ ಕಸುಬು," ಎಂದರು ಪೇಂಟರು, ಕುಂಚ ಎತ್ತದೆ.

ಅತ್ತೆಗೆ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಹೋದಳು; ಅಲ್ಲಿ ಅದು ಅಳುವಾಯಿತು.

*

ಅಪ್ಪ ಕಂಪಾಸು, ಸ್ಕೇಲು ಬಿಟ್ಟು ಬೇರೇನನ್ನೂ ನಂಬಿದವನಲ್ಲ. ಅವನ ಅಕ್ಷರಗಳಲ್ಲಿ ಬಾಗುಬಳುಕಿಲ್ಲ: ವೃತ್ತ, ಅರ್ಧವೃತ್ತ, ಚೌಕ, ತಲೆಕಟ್ಟಿನ ಜಾಗದಲ್ಲಿ ಉಕ್ಕಿನ ತೊಲೆಯಂಥ ಗೆರೆ. ಕಾರ್ಖಾನೆಯ ಗೇಟು, ನೀರಿನ ಟ್ಯಾಂಕು, ಕ್ರೇನಿನ ತೋಳು, ಎಲ್ಲೆಲ್ಲೂ ಅವೇ. "ಮುಂದಿನ ಕಾಲ ಹೀಗೇ ಮಾತಾಡುತ್ತೆ, ನೋಡ್ತಿರು," ಎನ್ನುತ್ತಿದ್ದ. ಮುಂದಿನ ಕಾಲವೇನೋ ಬಂತು. ಬಂದು, ಅವನ ಗೋಡೆಗಳಿಗೆ ಸುಣ್ಣ ಬಳಿಯಿತು.

ತಾಯಿಯಿಲ್ಲದ ಮಗಳನ್ನು ರಜೆಯ ದಿನ ಕೆಲಸಕ್ಕೆ ಕರೆದೊಯ್ಯುತ್ತಿದ್ದ. ಏಣಿಯ ಬಳಿ ಮಾತ್ರ ನಿಲ್ಲಗೊಡುತ್ತಿರಲಿಲ್ಲ. "ಹಿಂದಕ್ಕೆ ಹೋಗು. ಇನ್ನೂ ಹಿಂದಕ್ಕೆ." ಬೀದಿಯ ಕೊನೆಯಿಂದ ನೋಡಿದರೆ ಅಪ್ಪ ಹೆಬ್ಬೆರಳಷ್ಟು. ಆಗ ಕೂಗು ಬರುತ್ತಿತ್ತು: "ಓದೋಕಾಗುತ್ತಾ?" ಓದಲು ಬಂದರೆ ಬಲಗೈ ಎತ್ತಬೇಕು. ಎತ್ತುತ್ತಿದ್ದಳು. ಅಲ್ಲಿ ಅವನ ಕುಂಚವೂ ಮೇಲೇಳುತ್ತಿತ್ತು.

ಕೊನೆಯ ದಿನಗಳಲ್ಲಿ, ಆಸ್ಪತ್ರೆಯಲ್ಲಿ, ಅವನ ಮಂಚಕ್ಕೆ ಅಂಟಿಕೊಂಡೇ ಕೂತಿದ್ದಳು. ಅಷ್ಟು ಹತ್ತಿರದಿಂದ ಇಬ್ಬರಿಗೂ ಏನು ಮಾತಾಡಬೇಕೆಂದು ತಿಳಿಯಲಿಲ್ಲ.

*

ಮಣ್ಣು ಮುಚ್ಚಿದ ಮೇಲೆ ಹಲಗೆ ನೆಟ್ಟರು. ಸುತ್ತಲಿನ ಗೋರಿಗಳ ನಾಜೂಕು ಬರಹಗಳ ನಡುವೆ ಅದು ಎಲ್ಲಿಂದಲೋ ಕಳಚಿ ಬಿದ್ದ ಯಂತ್ರದ ಭಾಗದಂತಿತ್ತು. ಬಣ್ಣ ಇನ್ನೂ ಹಸಿ.

"ನನಗಂತೂ ಓದೋಕೇ ಬರ್ತಿಲ್ಲ," ಎಂದಳು ಅತ್ತೆ, ಈ ಸಲ ಮೆತ್ತಗೆ. "ಆಮೇಲೆ ಬೇರೆ ಬರೆಸೋಣ, ಆಯ್ತಾ ಪುಟ್ಟೀ?"

ಮಗಳು ಹಲಗೆಯನ್ನೇ ನೋಡಿದಳು. ವೃತ್ತ, ತೊಲೆ, ಚೌಕ. ಅಪ್ಪನ ಹೆಸರು ಅಲ್ಲೆಲ್ಲೂ ಇರಲಿಲ್ಲ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಮತ್ತೊಂದು.

"ಎಲ್ಲಿಗೇ ಹೊರಟೆ?"

"ಹೋಗಲಿ ಬಿಡಿ ತಾಯಿ," ಎಂದರು ಪೇಂಟರು.

ಗೋರಿಗಳನ್ನು ದಾಟಿ, ಗೇಟು ದಾಟಿ, ರಸ್ತೆಯ ಆಚೆ ಬದಿಗೆ ಹೋಗಿ ತಿರುಗಿ ನಿಂತಳು. ಗೇಟಿನ ನಡುವಿನಿಂದ, ಹೆಬ್ಬೆರಳಷ್ಟಾದ ಜನರ ನಡುವೆ, ತುಂಡುಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಹೆಸರಾಗಿ ನಿಂತಿದ್ದವು.

ಓದೋಕಾಗುತ್ತಾ ಎಂದು ಯಾರೂ ಕೂಗಲಿಲ್ಲ. ಅವಳು ಬಲಗೈ ಎತ್ತಿದಳು, ಎತ್ತಿದ್ದನ್ನು ಇಳಿಸಲಿಲ್ಲ.

ಬರುತ್ತಿದ್ದ ಬಸ್ಸೊಂದು, ತನಗೇ ಕೈ ತೋರಿಸಿದಳೆಂದುಕೊಂಡು, ಹೆಸರಿಗೆ ಅಡ್ಡವಾಗಿ ನಿಂತು ಬಾಗಿಲು ತೆರೆಯಿತು.