ಹೆರಿಗೆ ಕೋಣೆಯ ಬರಿಗೈ

ಬಾಣಂತಿಗೆ ನಾಲ್ಕನೇ ದಿನ ಮೈ ಸುಡತೊಡಗಿದರೆ ನಮ್ಮ ಕಡೆ ಏನೆನ್ನುತ್ತಾರೆ, ನಿಮಗೆ ಗೊತ್ತೇ ಇದೆ. ಗಾಳಿ ಸೋಕಿತು ಎನ್ನುತ್ತಾರೆ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಕಿಟಕಿಗೆ ಗೋಣಿ ಕಟ್ಟಿ, ಕಿವಿಗೆ ಹತ್ತಿ ತುರುಕುತ್ತಾರೆ. ಹತ್ತು ದಿನ ತುಂಬುವುದರೊಳಗೆ ಹೆಣ ಹೊತ್ತು ನಡೆಯುತ್ತಾರೆ. ಕೂಸು ಉಳಿದರೆ ಅದರ ಪುಣ್ಯ.

ನಾಗಲಕ್ಷ್ಮಮ್ಮ ಚನ್ನಪಟ್ಟಣದ ಹತ್ತಿರದ ಒಂದು ಹಳ್ಳಿಯ ಸೊಸೆ. ಬೆಂಗಳೂರಿನಲ್ಲಿ ಒಂದು ವರ್ಷ ಹೆರಿಗೆ ಕೆಲಸ ಕಲಿತು, ಮಹಾರಾಜರ ಸರ್ಕಾರದ ಸೂಲಗಿತ್ತಿಯಾಗಿ ಊರಿಗೆ ಬಂದಿದ್ದಳು. ಗಂಡ ದಾಸಪ್ಪ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಿದ್ದ. ಮೂರು ವರ್ಷದ ಮಗಳಿದ್ದಳು. ಹೆಂಗಸು ಸಂಬಳಕ್ಕೆ ದುಡಿಯುವುದೇ ಆ ಊರಿಗೆ ಹೊಸದು. ಅದರ ಮೇಲೆ ಇವಳಿಗೆ ಅಲಂಕಾರವೆಂದರೆ ಪ್ರಾಣ. ತಲೆ ಬಾಚಿ, ಸೆರಗು ಒಪ್ಪವಾಗಿ ಹೊದ್ದು, ಒಂದೊಂದು ಕೈಗೂ ಹನ್ನೆರಡು ಹಸಿರು ಗಾಜಿನ ಬಳೆ ತೊಟ್ಟು ಹೊರಟಳೆಂದರೆ, ಇವಳು ಹೆರಿಗೆಗೆ ಹೋಗುತ್ತಾಳೋ ಮದುವೆಗೋ ಎಂದು ಜಗಲಿ ಮೇಲಿನವರು ನಗುತ್ತಿದ್ದರು. ನಗಲಿ ಬಿಡಿ. ಮೈಮುರಿದು ದುಡಿಯುವ ಹೆಂಗಸು ಚೆಂದ ಕಾಣಬಾರದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ಕಷ್ಟ ಇದ್ದದ್ದು ಬೇರೆ ಕಡೆ. ಬಳೆ, ಉಂಗುರ ತೆಗೆದಿಟ್ಟು, ಕುದಿಸಿದ ನೀರು, ಸಾಬೂನಿನಿಂದ ಮೊಣಕೈವರೆಗೆ ತಿಕ್ಕಿ ತೊಳೆಯದೆ ಬಸುರಿಯನ್ನು ಮುಟ್ಟಬೇಡಿ ಎಂದು ಬೆಂಗಳೂರಿನ ಡಾಕ್ಟರಮ್ಮ ದಿನಕ್ಕೆ ಹತ್ತು ಸಲ ಹೇಳಿ ಕಳಿಸಿದ್ದರು. ಇತ್ತ ಅತ್ತೆ ಕೆಂಚಮ್ಮ, ಸೊಸೆ ಬೆಂಗಳೂರಿನಿಂದ ಬಂದ ದಿನವೇ ಬಳೆಗಾರನನ್ನು ಕರೆಸಿ, ಅಂಗೈ ದಾಟಿ ಸುಲಭಕ್ಕೆ ಹೊರಬಾರದ ಅಳತೆಯ ಬಳೆ ಕೈತುಂಬ ತೊಡಿಸಿದ್ದಳು.

"ನೀನು ಕೆಲ್ಸಕ್ಕೋಗು, ನಾನು ಬ್ಯಾಡ ಅನ್ನಾಕಿಲ್ಲ. ಮಗೀನೂ ನೋಡ್ಕತೀನಿ. ಆದ್ರೆ ನನ್ ಮಗ ಬದುಕಿರೋಗಂಟ ನೀನು ಬರಿಗೈ ಮಾಡ್ಕಬ್ಯಾಡ. ಅದೊಂದ್ ಮಾತು ನಡ್ಸಿಕೊಡು" ಎಂದಿದ್ದಳು.

ನಾಗಲಕ್ಷ್ಮಮ್ಮ ಹೂಂ ಎಂದುಬಿಟ್ಟಳು. ಹೊತ್ತಿಲ್ಲ ಗೊತ್ತಿಲ್ಲ, ಯಾರ ಮನೆಯಿಂದ ಕರೆ ಬಂದರೂ ಎದ್ದು ಓಡಬೇಕು. ಆಗ ಮಗಳಿಗೆ ಮುದ್ದೆ ಉಣ್ಣಿಸಿ ಮಲಗಿಸುವವಳು ಅತ್ತೆಯೊಬ್ಬಳೇ. ಆಕೆಯನ್ನು ಎದುರು ಹಾಕಿಕೊಂಡರೆ ಕೆಲಸ ಬಿಡಬೇಕಾದೀತೆಂದು ಹೆದರಿದಳು. ಜೊತೆಗೆ ಆ ಬಳೆಗಳ ಮೇಲೆ ಅವಳಿಗೂ ಆಸೆಯಿತ್ತು, ಅದನ್ನೇಕೆ ಮುಚ್ಚಿಡಬೇಕು? ತಾನೇ ಒಂದು ಉಪಾಯ ಕಂಡುಕೊಂಡಳು. ಬಳೆಗಳನ್ನು ಮೊಣಕೈಯತ್ತ ಸರಿಸಿ, ಬಟ್ಟೆಯ ಪಟ್ಟಿ ಬಿಗಿದು, ಅದರ ಕೆಳಗೆ ಕೈ ತೊಳೆದುಕೊಳ್ಳುವುದು. ನಾಲ್ಕಾರು ಹೆರಿಗೆ ಸುಸೂತ್ರವಾಗಿ ಆದವು.

ಆಮೇಲೆ ಅದೇ ಬೀದಿಯ ಹುಚ್ಚಯ್ಯನ ಹೆಂಡತಿ ಶಿವಲಿಂಗಮ್ಮನ ಹೆರಿಗೆ ಬಂತು. ಬೆಳಗಿನಿಂದ ಸಂಜೆವರೆಗೆ ನೋವು ತಿಂದಳು. ನಡುವೆ ಪಟ್ಟಿ ಸಡಿಲವಾಗಿ ಬಳೆಗಳು ಜಾರಿ ಮುಂಗೈಗೆ ಬಂದವು. ನಾಗಲಕ್ಷ್ಮಮ್ಮ ತೊಳೆದ ಕೈಯಿಂದಲೇ ಅವನ್ನು ಮೇಲಕ್ಕೆ ತಳ್ಳಿದಳು, ಮತ್ತೆ ಜಾರಿದವು, ಮತ್ತೆ ತಳ್ಳಿದಳು. ತಿರುಗಿ ಕೈ ತೊಳೆಯುವಷ್ಟು ಪುರಸೊತ್ತು ಇರಲಿಲ್ಲ. ಗಂಡು ಮಗು ಹುಟ್ಟಿತು. ನಾಲ್ಕನೇ ದಿನ ಶಿವಲಿಂಗಮ್ಮನಿಗೆ ಜ್ವರ ಏರಿತು, ಒಂಬತ್ತನೇ ದಿನ ಅವಳು ತೀರಿಕೊಂಡಳು.

ಊರು ಗಾಳಿಯನ್ನು ಬೈದಿತು. ನಾಗಲಕ್ಷ್ಮಮ್ಮನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ತಿಂಗಳ ವರದಿ ಕೊಡಲು ಹೋದಾಗ ಡಾಕ್ಟರಮ್ಮ ಮಾತ್ರ, ಆ ದಿನ ಬಳೆ ತೆಗೆದಿದ್ದೆಯಾ ಎಂದು ಕೇಳಿದರು. ಅವಳು ಕೈಗಳನ್ನು ಸೆರಗಿನಡಿ ಮುಚ್ಚಿಕೊಂಡಳು. ಮನೆಗೆ ಬಂದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಹುಚ್ಚಯ್ಯನ ಕೂಸಿನ ಅಳು ಕೇಳುತ್ತಿತ್ತು. ಅದಕ್ಕೆ ಬಟ್ಟೆಯ ಬತ್ತಿಯಲ್ಲಿ ಮೇಕೆ ಹಾಲು ಹಿಂಡುತ್ತಿದ್ದರು. ತನ್ನಿಂದಲೇ ಆಯಿತೇ ಎಂದು ಅವಳು ಕೊರಗಿದಳು, ಬಾಯಿಬಿಟ್ಟು ಹೇಳಲು ಧೈರ್ಯ ಬರಲಿಲ್ಲ.

ಎರಡು ತಿಂಗಳಿಗೆ ಕೆಂಚಮ್ಮನ ಮಗಳು ಚಿನ್ನಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮನೆಯಲ್ಲೇ ಸೂಲಗಿತ್ತಿ ಇರುವಾಗ ನಮಗೇನು ಚಿಂತೆ ಎಂದು ಕೆಂಚಮ್ಮ ಬೀಗುತ್ತಿದ್ದಳು. ಒಂದು ಬೆಳಗ್ಗೆ ನೋವು ಶುರುವಾಯಿತು. ನೀರು ಕುದಿಸಿದರು, ಬಟ್ಟೆ ಕುದಿಸಿದರು. ನಾಗಲಕ್ಷ್ಮಮ್ಮ ಮಾತ್ರ ಕೋಣೆಯೊಳಗೆ ಹೋಗದೆ ಹಿತ್ತಲ ಬಾಗಿಲಲ್ಲಿ ನಿಂತಳು. ಅತ್ತೆಯ ಎದುರಿಗೇ ಸಾಬೂನು ಹಾಕಿ ಎರಡು ಸಲ ಕೈ ತೊಳೆದಳು. ಆಮೇಲೆ ಬಿಳೀ ಬಟ್ಟೆಯ ಚೂರೊಂದನ್ನು ಒದ್ದೆ ಮಾಡಿ ಬಳೆಗಳ ಸಂದಿಯಲ್ಲಿ ಎಳೆದು ತೋರಿಸಿದಳು. ಬಟ್ಟೆಯಲ್ಲಿ ಕಪ್ಪು ಗೆರೆ ಮೂಡಿತ್ತು.

"ಅತ್ತೆ, ಶಿವಲಿಂಗಮ್ಮನ್ನ ಗಾಳಿ ಕೊಲ್ಲಲಿಲ್ಲ. ಈ ಕೊಳೆ ನನ್ನ ಕೈಯಿಂದ ಅವಳ ಒಳೀಕೆ ಹೋಗಿರಬೌದು. ನಾನು ಕಲ್ತಿದ್ದೆ, ಕಲ್ತೂ ಬಾಯ್ ಮುಚ್ಕಂಡಿದ್ದೆ. ಈ ಕೈಯಲ್ಲಿ ಚಿನ್ನಮ್ಮನ್ನ ಮುಟ್ಟಾಕೆ ನನ್ ಕೈಲಾಗಲ್ಲ. ನನ್ನ ಕೆಲ್ಸ ಬುಡ್ಸಿದ್ರೂ ಸರಿಯೇ."

ಕೆಂಚಮ್ಮ ಆ ಬಟ್ಟೆಯನ್ನೇ ನೋಡುತ್ತ ಕುಳಿತಳು. ಒಳಗೆ ಮಗಳು ನರಳುತ್ತಿದ್ದಾಳೆ. ಬಳೆಯೋ ಅಂಗೈಗೆ ಬಿಗಿ, ತೆಗೆಯಹೋದರೆ ಒಡೆಯುತ್ತದೆ. ಮುತ್ತೈದೆಯ ಕೈಯ ಬಳೆ ಒಡೆಸಿದರೆ ಮಗನಿಗೆ ಏನಾದೀತೋ ಎಂಬ ಭಯ ಒಂದು ಕಡೆ, ಮಗಳ ಜೀವ ಇನ್ನೊಂದು ಕಡೆ. ಪಾಪ, ಆ ಮುದುಕಿಯನ್ನು ಬೈದು ಫಲವಿಲ್ಲ, ಅವಳ ಅವ್ವ ಅವಳಿಗೆ ಕಲಿಸಿದ್ದೇ ಅದು. ಆಗ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ಬಂದ ದಾಸಪ್ಪ ಎಲ್ಲವನ್ನೂ ಕೇಳಿಸಿಕೊಂಡು ತಾಯಿಯ ಎದುರಿಗೆ ಬಂದು ನಿಂತ.

"ಅವ್ವ, ನಾನು ಇಲ್ಲೇ ನಿಂತಿವ್ನಿ. ನನ್ನ ನೋಡ್ಕಂಡೇ ತೆಗಿ" ಎಂದ.

ಕೆಂಚಮ್ಮ ಸೊಸೆಯ ಕೈಗೆ ಸಾಬೂನು ಸವರಿ, ಅಂಗೈ ಒತ್ತಿ ಹಿಡಿದು, ಒಂದೊಂದೇ ಬಳೆ ಜಾರಿಸಿದಳು. ಹದಿನೆಂಟು ಹಾಗೆಯೇ ಬಂದವು. ಆರು ಒಡೆದವು. ಒಂದೊಂದು ಒಡೆದಾಗಲೂ ತಲೆಯೆತ್ತಿ ಮಗನ ಮುಖ ನೋಡಿದಳು. ಅವನು ಅಲ್ಲಾಡದೆ ನಿಂತಿದ್ದ. ಚೂರು ತಾಗಿ ಗಾಯವಾಗಿಲ್ಲ ಎಂಬುದನ್ನು ನೋಡಿಕೊಂಡು ನಾಗಲಕ್ಷ್ಮಮ್ಮ ಮೊಣಕೈವರೆಗೆ ತಿಕ್ಕಿ ತೊಳೆದು ಒಳಗೆ ಹೋದಳು.

ಮಧ್ಯಾಹ್ನಕ್ಕೆ ಹೆಣ್ಣು ಮಗುವಾಯಿತು. ನಾಲ್ಕನೇ ದಿನ ಕೆಂಚಮ್ಮ ಗಳಿಗೆಗೊಮ್ಮೆ ಮಗಳ ಹಣೆ ಮುಟ್ಟಿದಳು. ತಣ್ಣಗಿತ್ತು. ಹತ್ತನೇ ದಿನವೂ ತಣ್ಣಗಿತ್ತು. ಆವತ್ತು ಅವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅದು ಚಿನ್ನಮ್ಮ ಉಳಿದ ಸಂತೋಷಕ್ಕೋ ಶಿವಲಿಂಗಮ್ಮನ ನೆನಪಿಗೋ ಅವಳನ್ನೇ ಕೇಳಬೇಕು.

ಈಗ ನಾಗಲಕ್ಷ್ಮಮ್ಮ ತೊಡುವುದು ಮರದ ಬಳೆ. ಚನ್ನಪಟ್ಟಣದ ಪೇಟೆಯಲ್ಲಿ ಬೊಂಬೆ ಮಾಡುವ ಮನೆಯ ಬದ್ರುನ್ನೀಸಾ ಅವಳ ಸ್ನೇಹಿತೆ. ಆಕೆ ತನ್ನ ಗಂಡನಿಂದ ಅರಗಿನ ಕೆಂಪು, ಹಸಿರು ಬಣ್ಣ ಕೊಡಿಸಿ ಸಡಿಲವಾದ ಬಳೆ ಮಾಡಿಸಿಕೊಟ್ಟಳು. ಹೆರಿಗೆ ಮನೆಯ ಹೊಸ್ತಿಲಲ್ಲಿ ಅವನ್ನು ತೆಗೆದು ಆ ಮನೆಯ ಹಿರಿಯಳ ಕೈಗೆ ಕೊಡುತ್ತಾಳೆ, ಕೆಲಸ ಮುಗಿದ ಮೇಲೆ ತೊಟ್ಟುಕೊಳ್ಳುತ್ತಾಳೆ.

ಇಷ್ಟಾದರೂ ಅವಳ ಮನಸ್ಸು ನೆಮ್ಮದಿಯಾಗಲಿಲ್ಲ. ಒಂದು ದಿನ ಅತ್ತೆಯನ್ನು ಜೊತೆಗೆ ಕರೆದುಕೊಂಡು ಹುಚ್ಚಯ್ಯನ ಮನೆಗೆ ಹೋಗಿ, ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ಅವನು ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತ ಕೇಳಿದ. ಅವಳನ್ನು ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ.

"ನನ್ಗೊಬ್ಬುನ್ಗೆ ಯೋಳಿ ಸುಮ್ಕಾಗಬ್ಯಾಡ ಕಣವ್ವ" ಎಂದ. "ಎಲ್ಲಾರ್ಗೂ ಯೋಳು."

ಅವನು ಹಾಗೆಂದಿದ್ದಕ್ಕೇ ಈ ಕಥೆ ನಿಮ್ಮವರೆಗೆ ಬಂದಿದೆ. ಓದುವವರೇ, ಓದಿಸಿ ಕೇಳುವವರೇ, ನಿಮ್ಮ ಮನೆಗೆ ಹೆರಿಗೆ ಮಾಡಿಸಲು ಯಾರೇ ಬರಲಿ, ಸರ್ಕಾರದವಳಾಗಲಿ ಊರ ಅಜ್ಜಿಯಾಗಲಿ, ಮೊದಲು ಕುದಿಸಿದ ನೀರು, ಸಾಬೂನು ಮುಂದಿಡಿ. ಬಳೆ, ಉಂಗುರ ತೆಗೆಸಿ. ಮೊಣಕೈವರೆಗೆ ತೊಳೆಯುವುದನ್ನು ನಿಂತು ನೋಡಿ. ಅತ್ತೆಯರೇ, ದುಡಿಯಲು ಹೋಗುವ ಸೊಸೆಯ ಮಗುವನ್ನು ನೋಡಿಕೊಳ್ಳಲು ಶರತ್ತು ಹಾಕಬೇಡಿ, ಅವಳು ಕಲಿತದ್ದನ್ನು ಬಾಯಿಬಿಟ್ಟು ಹೇಳಲು ಬಿಡಿ. ಸೊಸೆಯಂದಿರೇ, ಚೆಂದವಾಗಿ ಉಟ್ಟು ತೊಟ್ಟು ಹೊರಡಿ, ಕೆಲಸದ ಹೊತ್ತಿಗೆ ಬಿಚ್ಚಿಡಿ. ಬಂದವಳಿಗೆ ಹೇಗಪ್ಪಾ ಹೇಳುವುದು ಎಂದು ಸಂಕೋಚಪಡುವವರು ಒಸಿ ಹೊತ್ತು ಹುಚ್ಚಯ್ಯನ ಮನೆಯ ಮುಂದೆ ನಿಂತು ಆ ಕೂಸಿನ ಅಳು ಕೇಳಿ ಬನ್ನಿ.